ಬಾಸ್ಟನ್ ಕಡೆ ಮನೆ ಹುಡುಕ್ತಿರೋ ಹೊಸಬರಿಗೆ: ಈ 'ಕೇಪ್' ಮನೆ ಅಂದ್ರೆ ಏನು

ಬಾಸ್ಟನ್ ಸುತ್ತಮುತ್ತ ಮನೆ ಹುಡುಕೋಕೆ ಕೂತ್ರೆ ಮೊದಲ ದಿನವೇ ಲಿಸ್ಟಿಂಗ್‌ನಲ್ಲಿ 'ಕೇಪ್' ಅನ್ನೋ ಪದ ಸಿಗತ್ತೆ, ನಮ್ಮವರು ಸುಮಾರು ಜನ ಫೋಟೋ ನೋಡಿ ಚಿಕ್ಕದು, ಮಹಡಿ ಮೇಲೆ ತಲೆ ತಾಗತ್ತೆ ಅಂತ ಮುಂದಕ್ಕೆ ಹೋಗ್ಬಿಡ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ. ನಾವು ಅಂಥದ್ರಲ್ಲೇ ಮಕ್ಕಳನ್ನ ಬೆಳೆಸಿದ್ದು.

ಮ್ಯಾಸಚೂಸೆಟ್ಸ್‌ನಿಂದ ಮಡಚಿದ ತೋಳಿನ ಥರ ಸಮುದ್ರಕ್ಕೆ ಚಾಚಿರೋ ಜಾಗವೇ ಕೇಪ್ ಕಾಡ್, 'ಕೇಪ್' ಮನೆ ಅನ್ನೋದು ಈ ಜಾಗದ ಹೆಸರಿಂದಲೇ. 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದವರು ತಮ್ಮೂರಲ್ಲಿ ಕಟ್ತಿದ್ದಂಥ ಸಣ್ಣ ಮನೆನೇ ಇಲ್ಲೂ ಕಟ್ಟಿದ್ರು, ಆದ್ರೆ ಇಲ್ಲಿನ ಗಾಳಿ, ಹಿಮ ಅದನ್ನ ತಿದ್ದಿತು. ಬಿರುಗಾಳಿಗೆ ಸಿಗದ ಹಾಗೆ ತಗ್ಗು ಗೋಡೆ, ಹಿಮ ನಿಲ್ಲದೆ ಜಾರಲಿ ಅಂತ ಕಡಿದಾದ ಮಾಡು (ಚಾವಣಿ), ಬೆಚ್ಚಗಿರಲಿ ಅಂತ ತಗ್ಗು ಸೀಲಿಂಗು, ಮನೆ ನಟ್ಟನಡುವೆ ಒಂದು ದಪ್ಪ ಚಿಮಣಿ, ಅದರ ಸುತ್ತ ಎಲ್ಲಾ ಕೋಣೆಗಳು. ಹೊರಗೋಡೆಗೆ ಸೀಡರ್ ಮರದ ಶಿಂಗಲ್, ಅಂದ್ರೆ ಹೆಂಚಿನ ಥರ ಒಂದರ ಮೇಲೊಂದು ಹೊದಿಸೋ ತೆಳು ತುಂಡುಗಳು, ಬಣ್ಣ ಹೊಡೆಯದೇ ಬಿಟ್ರೆ ಉಪ್ಪುಗಾಳಿಗೆ ತಾನೇ ಬೂದಿ ಬಣ್ಣಕ್ಕೆ ತಿರುಗತ್ತೆ. ಮಲೆನಾಡಿನವರಿಗೆ ಈ ಮಾಡಿನ ಲೆಕ್ಕ ಬೇಗ ಅರ್ಥ ಆಗತ್ತೆ, ಅಲ್ಲಿ ಮಳೆಗೆ, ಇಲ್ಲಿ ಹಿಮಕ್ಕೆ.

ಬಾಗಿಲು ನಡುವೆ, ಎರಡೂ ಕಡೆ ಎರಡೆರಡು ಕಿಟಕಿ ಇದ್ರೆ ಫುಲ್ ಕೇಪ್. ಒಂದೇ ಕಡೆ ಎರಡು ಕಿಟಕಿ ಇದ್ರೆ ಹಾಫ್ ಕೇಪ್, ಒಂದು ಕಡೆ ಎರಡು ಇನ್ನೊಂದು ಕಡೆ ಒಂದಾದ್ರೆ ಮುಕ್ಕಾಲು. ವಾಸ್ತು ನೋಡೋರು ಗಮನಿಸಿ, ಹಳೇ ಕಾಲದವು ಬಿಸಿಲಿಗೋಸ್ಕರ ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿರ್ತವೆ.

ಯೇಲ್ ವಿದ್ಯಾಸಂಸ್ಥೆಯ ಅಧ್ಯಕ್ಷರಾಗಿದ್ದ ಟಿಮಥಿ ಡ್ವೈಟ್ 1800ರಲ್ಲಿ ಅಲ್ಲಿ ಓಡಾಡಿ ಬರೆದಿದ್ರಿಂದ ಈ ಹೆಸರು ಬಂತು ಅಂತಾರೆ. ಆದ್ರೆ ನಮಗೆ ನಿಮಗೆ ಕೈಗೆಟುಕೋವು ಬಹುತೇಕ 20ನೇ ಶತಮಾನದವು. ಬಾಸ್ಟನ್‌ನ ಆರ್ಕಿಟೆಕ್ಟ್ ರಾಯಲ್ ಬ್ಯಾರಿ ವಿಲ್ಸ್ ಈ ಶೈಲಿಗೆ ಮತ್ತೆ ಜೀವ ಕೊಟ್ರು, ಎರಡನೇ ಮಹಾಯುದ್ಧ ಮುಗಿದ್ಮೇಲೆ ಸೈನಿಕರ ಕುಟುಂಬಗಳಿಗೆ ಕಡಿಮೆ ಖರ್ಚಲ್ಲಿ ಬೇಗ ಮನೆ ಬೇಕಾಯ್ತು, 1947ರಲ್ಲಿ ನ್ಯೂಯಾರ್ಕಿನ ಲೆವಿಟ್‌ಟೌನ್‌ನಲ್ಲಿ ಶುರುವಾದ ಮನೆಗಳೂ ಇದೇ ಮಾದರಿ, 750 ಚದರಡಿ, ಎರಡು ಬೆಡ್‌ರೂಮು, ಮೇಲೆ ಖಾಲಿ ಅಟ್ಟ. ದುಡ್ಡು ಬಂದ್ಹಾಗೆ ಅಟ್ಟದಲ್ಲಿ ರೂಮು ಮಾಡ್ಕೊಳಿ ಅನ್ನೋ ಲೆಕ್ಕ. ಈಗಲೂ ಅದೇ ಇದರ ದೊಡ್ಡ ಗುಣ, ಹಿಂದುಗಡೆ ಶೆಡ್ ಡಾರ್ಮರ್ ಎತ್ತಿಸಿದ್ರೆ, ಅಂದ್ರೆ ಅಟ್ಟದಲ್ಲಿ ತಲೆ ತಾಗದ ಹಾಗೆ ಮಾಡಿನ ಒಂದು ಭಾಗ ಮೇಲೆತ್ತಿ ಕಿಟಕಿ ಇಡಿಸಿದ್ರೆ, ಅಪ್ಪ ಅಮ್ಮ ಬಂದಾಗ ನೀವು ಮೇಲೆ ಮಲಗಬಹುದು, ಅವರಿಗೆ ಮೆಟ್ಟಿಲು ಹತ್ತೋ ಕಷ್ಟ ಇಲ್ಲ.

ತಗೊಳೋ ಮುಂಚೆ ನೋಡ್ಬೇಕಾದ್ದು. 1978ಕ್ಕಿಂತ ಹಳೇ ಮನೆಲಿ ಸೀಸದ ಪೇಂಟ್ ಇರಬಹುದು, ಆರು ವರ್ಷದೊಳಗಿನ ಮಗು ಇದ್ರೆ ಅದನ್ನ ತೆಗೆಸೋದೋ ಮುಚ್ಚಿಸೋದೋ ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನು, ಟೆಸ್ಟ್ ಮಾಡಿಸಿ. ಮೆಟ್ಟಿಲು ಕಿರಿದು, ಕ್ವೀನ್ ಸೈಜ್ ಮಂಚದ ಬಾಕ್ಸ್ ಸ್ಪ್ರಿಂಗ್ (ಹಾಸಿಗೆ ಕೆಳಗಿಡೋ ಗಟ್ಟಿ ಚೌಕಟ್ಟು) ಮಹಡಿಗೆ ಹೋಗದೇ ಇರಬಹುದು, ಅಳತೆ ತಗೊಳಿ. ಎಲ್ಲಕ್ಕಿಂತ ಮುಖ್ಯ ಇನ್ಸುಲೇಶನ್, ಅಂದ್ರೆ ಮನೆ ಬಿಸಿ ಹೊರಗೆ ಹೋಗದ ಹಾಗೆ ಗೋಡೆ, ಮಾಡಿನೊಳಗೆ ತುಂಬೋ ಪದರ. ಮಹಡಿ ರೂಮಿನ ಗಿಡ್ಡ ಗೋಡೆ ಹಿಂದೆ ಅದು ಸರಿ ಇಲ್ದಿದ್ರೆ ಬಿಸಿ ಸೋರಿ ಮಾಡಿನ ಹಿಮ ಕರಗತ್ತೆ, ಆ ನೀರು ಸೂರಿನಂಚಲ್ಲಿ ಮತ್ತೆ ಹೆಪ್ಪುಗಟ್ಟತ್ತೆ, ಹಿಂದೆ ನಿಂತ ನೀರು ಶಿಂಗಲ್ ಅಡಿಯಿಂದ ಒಳಗೆ ಬರತ್ತೆ. ಇದಕ್ಕೆ ಐಸ್ ಡ್ಯಾಮ್ ಅಂತಾರೆ. ನಮ್ಮ ಮೊದಲ ಚಳಿಗಾಲದಲ್ಲಿ ಮಗಳ ಮಂಚದ ಮೇಲೇ ನೀರು ತೊಟ್ಟಿಕ್ತು. ಆದ್ರಿಂದ ಸಾಧ್ಯ ಆದ್ರೆ ಹಿಮ ಬಿದ್ದ ಮರುದಿನ ಹೋಗಿ ರಸ್ತೆಲಿ ನಿಂತು ಮಾಡು ನೋಡಿ, ಅಕ್ಕಪಕ್ಕದ ಮನೆಗಳ ಮೇಲೆ ಹಿಮ ಹಾಗೇ ಇದ್ದು ಈ ಮನೆ ಮೇಲೆ ಮಾತ್ರ ತೇಪೆ ತೇಪೆಯಾಗಿ ಕರಗಿದ್ರೆ, ಸೂರಿಂದ ಉದ್ದ ಐಸ್ ಕೊಂಬುಗಳು ನೇತಾಡ್ತಿದ್ರೆ, ಆ ರಿಪೇರಿ ಖರ್ಚು ಸೇರಿಸ್ಕೊಂಡೇ ಆಫರ್ ಕೊಡಿ.