ಕ್ಯಾನುಲಾ ಪಾಠ ವಾರ್ಡಿಗೆ ಇಳಿದದ್ದು ಹೇಗೆ: ನನ್ನ ಅನುಭವ

"ಇದೆಲ್ಲ ಪುಸ್ತಕದ ಬದನೆಕಾಯಿ ಸಿಸ್ಟರ್, ನಮ್ಮ ವಾರ್ಡಲ್ಲಿ ನಡೆಯಲ್ಲ" ಅಂದಿದ್ದ ನಮ್ಮ ಸೀನಿಯರ್ ಸಿಸ್ಟರೇ ಈಗ ಹೊಸ ಹುಡುಗಿಯರಿಗೆ ಅದನ್ನು ಹೇಳಿಕೊಡುತ್ತಿದ್ದಾರೆ: ಕ್ಯಾನುಲಾವನ್ನು (ಡ್ರಿಪ್, ಇಂಜೆಕ್ಷನ್ ಕೊಡಲು ಕೈಯ ರಕ್ತನಾಳದಲ್ಲಿ ಬಿಡುವ ಸಣ್ಣ ನಳಿಕೆ) ದಿನ ಎಣಿಸಿ ಅಲ್ಲ, ಬೇಕಾದಾಗ ಮಾತ್ರ ಬದಲಿಸಿ ಅಂತ. ಅದಕ್ಕೇ ಬರೆಯುವ ಹುಮ್ಮಸ್ಸು ಬಂತು.

ನಾನು ಶಿವಮೊಗ್ಗದಲ್ಲಿ ಒಂದು ಮೆಡಿಕಲ್ ವಾರ್ಡಿನ ಇನ್‌ಚಾರ್ಜ್. ಮಳೆಗಾಲ ಬಂತೆಂದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಜ್ವರದವರಿಂದ ಬೆಡ್ ಸಾಲುವುದಿಲ್ಲ. ನಮ್ಮಲ್ಲಿದ್ದ ರೂಢಿ ಇಷ್ಟೇ. ಕ್ಯಾನುಲಾಕ್ಕೆ ಮೂರು ದಿನ ಆಯಿತಾ, ತೆಗಿ, ಇನ್ನೊಂದು ಕೈಗೆ ಚುಚ್ಚು. ಚೆನ್ನಾಗಿ ಓಡುತ್ತಿದ್ದರೂ ಸರಿ. ಆದರೆ 2012ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಟ್ರಯಲ್ ಬಂದಿತ್ತು. ಮೂರು ಸಾವಿರ ಚಿಲ್ಲರೆ ರೋಗಿಗಳು. ಮೂರನೇ ದಿನಕ್ಕೆ ಬದಲಿಸಿದವರಲ್ಲೂ, ಬೇಕಾದಾಗ ಮಾತ್ರ ಬದಲಿಸಿದವರಲ್ಲೂ ಫ್ಲೆಬೈಟಿಸ್ (ರಕ್ತನಾಳ ಕೆಂಪಾಗಿ ಊದಿ ನೋಯುವುದು) ಶೇ. 7ರ ಹತ್ತಿರವೇ.

ಇದನ್ನು ಹೇಳಲು ಮೊದಲು ಶನಿವಾರ ಮಧ್ಯಾಹ್ನ ಕ್ಲಾಸ್ ಇಟ್ಟೆ. ನಲವತ್ತು ಸ್ಲೈಡ್, ಟೀ, ಬೋಂಡ. ನನ್ನ ಕೈಯಿಂದ 600 ರೂಪಾಯಿ. ಬಂದವರು ಹನ್ನೊಂದು ಜನ, ಬೋಂಡ ಮುಗಿಯಿತು, ಅರ್ಧ ಜನ ತೂಕಡಿಸಿದರು. ಒಬ್ಬಳು ಕೇಳಿದ್ದು ಒಂದೇ ಪ್ರಶ್ನೆ: "ಸರ್ಟಿಫಿಕೇಟ್ ಕೊಡ್ತೀರಾ?" ಆಮೇಲೆ ವಾಟ್ಸಾಪ್‌ಗೆ ಪಿಡಿಎಫ್ ಹಾಕಿದೆ. ಹೆಬ್ಬೆರಳು ಬಂತು, ಓದಿದವರಿಲ್ಲ. ಕೊನೆಗೆ ಲ್ಯಾಮಿನೇಟ್ ಮಾಡಿದ ಪೋಸ್ಟರ್, ಸುಮಾರು 1,800 ರೂಪಾಯಿ. ಆಷಾಢದ ಥಂಡಿಗೆ ಅಂಚು ಬಿಟ್ಟು, ಒಳಗೆ ಬೂಷ್ಟು ಹಿಡಿದು, ಗೋಡೆಯಿಂದ ಒಂದೊಂದಾಗಿ ಉದುರಿದವು.

ಕೊನೆಗೂ ಫಲ ಕೊಟ್ಟದ್ದು ಮಧ್ಯಾಹ್ನ ಎರಡರ ಹ್ಯಾಂಡೋವರ್, ಅಂದರೆ ಒಂದು ಶಿಫ್ಟ್‌ನವರು ಮುಂದಿನವರಿಗೆ ರೋಗಿಗಳ ವಿಷಯ ಒಪ್ಪಿಸುವ ಹೊತ್ತು. ಅದನ್ನು ಟೇಬಲ್‌ನಿಂದ ಬೆಡ್ ಹತ್ತಿರಕ್ಕೆ ತಂದೆ. ದಿನಕ್ಕೆ ಒಬ್ಬರೇ ರೋಗಿ, ಐದೇ ನಿಮಿಷ. ಮೊದಲ ದಿನ ಒಬ್ಬರು ಅಜ್ಜಿ. ಚುಚ್ಚಿ ಚುಚ್ಚಿ ಎರಡೂ ಕೈ ನೀಲಿ. ಕ್ಯಾನುಲಾ ನಾಲ್ಕನೇ ದಿನ. "ಕೆಂಪಿದೆಯಾ? ಊತ? ಮುಟ್ಟಿದರೆ ನೋವು?" ಅಂತ ಕೇಳಿದೆ. ಯಾವುದೂ ಇಲ್ಲ. "ಹಾಗಾದ್ರೆ ಯಾಕೆ ತೆಗೀಬೇಕು?" ಯಾರೂ ಮಾತಾಡಲಿಲ್ಲ. ಅಜ್ಜಿಯೇ ಅಂದರು, "ಇದೊಂದು ಸರಿಯಾಗಿ ಕೂತಿದೆ, ಬಿಡ್ರೇ ಮಾರಾಯ್ತಿ."

ಪಕ್ಕದ ಬೆಡ್‌ನಲ್ಲಿ ಉಲ್ಟಾ. ಇಂಜೆಕ್ಷನ್ ನಿಲ್ಲಿಸಿ ಎರಡು ದಿನ ಆಗಿದ್ದರೂ ಕ್ಯಾನುಲಾ ಸುಮ್ನೆ ಕೈಯಲ್ಲಿತ್ತು. ಅಂಥದ್ದನ್ನು ಅವತ್ತೇ ತೆಗೆಸಿದೆ. ನಿಜ ಹೇಳಬೇಕೆಂದರೆ ಜಾಸ್ತಿ ಲಾಭ ಆದದ್ದು ಇದರಿಂದಲೇ. ಟ್ರಾಲಿ ಹಿಂದೆ ಒಂದು ಕನ್ನಡದ ಹಾಳೆ ಅಂಟಿಸಿದೆವು: ಹಾಕಿದ ದಿನ, ಪ್ರತಿ ಶಿಫ್ಟ್‌ಗೆ ನೋಡಿದ್ದು, ತೆಗೆದದ್ದು ಯಾಕೆ.

ಮೊದಲ ತಿಂಗಳು ಮರ್ಯಾದೆ ಹೋಗುವುದರಲ್ಲಿತ್ತು. ಥಂಡಿಗೆ ಟೇಪ್ ಹಿಡಿಯದೆ ನಾಲ್ಕೈದು ಕ್ಯಾನುಲಾ ಕಿತ್ತು ಬಂದವು. "ನಾನು ಹೇಳ್ಲಿಲ್ವಾ?" ಅಂತ ಸೀನಿಯರ್ ಸಿಸ್ಟರ್. ನಿಂತು ನೋಡಿದರೆ ತಪ್ಪು ನಮ್ಮದೇ. ಸ್ಪಿರಿಟ್ ಆರುವ ಮೊದಲೇ ಟೇಪ್ ಹಚ್ಚುತ್ತಿದ್ದೆವು. ಪೂರ್ತಿ ಒಣಗಲು ಬಿಟ್ಟೆವು, ಮೇಲೆ ಟ್ರಾನ್ಸ್‌ಪರೆಂಟ್ ಡ್ರೆಸ್ಸಿಂಗ್ ಹಾಕಿದೆವು. ಒಂದಕ್ಕೆ 40 ರೂಪಾಯಿ ಹತ್ತಿರ, ಮೊದಲ ಬಾಕ್ಸ್ ನಾವೇ ಚಂದಾ ಎತ್ತಿ ತಂದದ್ದು. ಆಮೇಲೆ ಇಂಡೆಂಟ್ (ಸ್ಟೋರ್‌ಗೆ ಕೊಡುವ ಬೇಡಿಕೆ ಪಟ್ಟಿ) ಹೇಗೆ ಪಾಸಾಯಿತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಡಾಕ್ಟರನ್ನು ಒಪ್ಪಿಸಿದ್ದೂ ಅಷ್ಟೇ, ಗುಟ್ಟು.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು. ಊದಿದ ಕೈಗೆ ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಗ್ಲಿಸರಿನ್ ಪಟ್ಟಿ ಮೇಲೋ, ಬರೀ ಬಿಸಿ ಶಾಖ ಮೇಲೋ ಅಂತ ಹತ್ತು ಹತ್ತು ಜನರಲ್ಲಿ ನೋಡಲು ಹೊರಟೆ. ನೈಟ್ ಶಿಫ್ಟ್‌ನವರು ಬರೆಯುವುದು ಮರೆತರು, ಲೆಕ್ಕ ಹಳ್ಳ ಹಿಡಿಯಿತು.

ಸೀನಿಯರ್ ಸಿಸ್ಟರ್ ಹೇಗೆ ತಿರುಗಿದರು ಅಂತೀರಾ? ಎರಡನೇ ತಿಂಗಳು ಹಾಳೆಯ ಲೆಕ್ಕ ಹಾಕುವ ಕೆಲಸ ಅವರಿಗೇ ಕೊಟ್ಟೆ. ತಿಂಗಳಿಗೆ ನಾನೂರರ ಆಸುಪಾಸು ಇದ್ದ ಕ್ಯಾನುಲಾ ಇನ್ನೂರ ತೊಂಬತ್ತಕ್ಕೆ ಇಳಿದಿತ್ತು. ಕೈ ಊದಿದವರು ಜಾಸ್ತಿ ಆಗಿರಲಿಲ್ಲ. ಎರಡು ಸಲ ಕೂಡಿದರು, ಏನೂ ಅನ್ನಲಿಲ್ಲ. ಮಾರನೇ ದಿನ ಹ್ಯಾಂಡೋವರ್‌ನಲ್ಲಿ ಅವರೇ ಮೊದಲು ಮಾತಾಡಿದರು.

ಹೋದ ವಾರ ಸರ್ಜಿಕಲ್ ವಾರ್ಡಿನವರು ಹಾಳೆ ಕೇಳಿದರು, ಕೊಟ್ಟೆ. ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ ಅಂದೆ. ಮಾಡಿಸಿದ್ದಾರೆ.