ಕಡಲೆಯ ಬೀಜೋಪಚಾರಕ್ಕೆ ನಾನು ಮಾಡಿಸಿಕೊಂಡ ಡ್ರಮ್

ರೋಣ ತಾಲ್ಲೂಕಿನ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಎಂಬ ಕ್ರಮ ನನಗೆ ತಿಳಿವಳಿಕೆ ಬಂದಾಗಿನಿಂದ ಬದಲಾಗಿಲ್ಲ. ಒಂದೇ ನೆಲದಲ್ಲಿ ವರ್ಷವರ್ಷವೂ ಕಡಲೆ ಬಿತ್ತುವವರಿಗೆ ಸೊರಗು ರೋಗದ ಕಾಟ ತಪ್ಪಿದ್ದಲ್ಲ. ನಮ್ಮ ಕಡೆ ಇದನ್ನು ಸಿಡಿ ಎನ್ನುತ್ತಾರೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಬಾಡಿ ನಿಂತಿರುತ್ತದೆ, ಕಿತ್ತು ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಎಂಬ ಈ ಶಿಲೀಂಧ್ರವು ಬೀಜದಲ್ಲಿಯೂ ಇರುತ್ತದೆ, ಮಣ್ಣಿನಲ್ಲಿಯೂ ಹಲವು ವರ್ಷ ಉಳಿಯುತ್ತದೆ. ಗಿಡ ಬಾಡಿದ ಮೇಲೆ ಯಾವ ಔಷಧಿ ಸಿಂಪಡಿಸಿದರೂ ಅದು ಎದ್ದು ನಿಲ್ಲುವುದಿಲ್ಲವಾದ್ದರಿಂದ ಮಾಡುವುದನ್ನೆಲ್ಲ ಬಿತ್ತುವ ಮೊದಲು ಬೀಜಕ್ಕೇ ಮಾಡಬೇಕು, ಅದೇ ಬೀಜೋಪಚಾರ.

ಮೊದಲು ನಾನೂ ಎಲ್ಲರಂತೆ ತಾಡಪತ್ರಿಯ ಮೇಲೆ ಬೀಜ ಸುರುವಿ, ಬೆಲ್ಲದ ನೀರು ಚಿಮುಕಿಸಿ, ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಜೈವಿಕ ಪುಡಿ ಉದುರಿಸಿ ಕೈಯಿಂದ ಹೊರಳಾಡಿಸುತ್ತಿದ್ದೆ. ಒಮ್ಮೆ ಕುತೂಹಲಕ್ಕೆ ಹೀಗೆ ಉಪಚರಿಸಿದ ರಾಶಿಯಿಂದ ನೂರು ಕಾಳುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಎಣಿಸಿದೆ. 38 ಕಾಳುಗಳಿಗೆ ಪುಡಿ ಹತ್ತಿಯೇ ಇರಲಿಲ್ಲ, ಕೆಲವು ಕಾಳುಗಳ ಮೇಲೆ ಮಾತ್ರ ದಪ್ಪ ಹೆಪ್ಪು ಕಟ್ಟಿತ್ತು. ಜಯಧರ ಹತ್ತಿಯ ಬೀಜಕ್ಕೆ ಸಗಣಿ ಮತ್ತು ಮಣ್ಣು ಹಚ್ಚಿ ಉಜ್ಜುತ್ತಿದ್ದ ನಮ್ಮ ತಂದೆಯವರ ಕೈಯಲ್ಲಿ ಒಂದು ಕಾಳೂ ತಪ್ಪುತ್ತಿರಲಿಲ್ಲ. ನಾರು ಅಂಟಿಕೊಂಡ ಬೀಜಗಳು ಬಿತ್ತುವ ಕೂರಿಗೆಯ ಬಟ್ಟಲಲ್ಲಿ ಬಿಡಿಬಿಡಿಯಾಗಿ ಇಳಿಯಲೆಂದು ಅವರು ಅಷ್ಟು ಹೊತ್ತು ಕುಳಿತು ಉಜ್ಜುತ್ತಿದ್ದರು. ನನಗೆ ಆ ತಾಳ್ಮೆ ಇಲ್ಲ, ಆಳುಗಳಿಗೂ ಇಲ್ಲ.

ಹೀಗಾಗಿ ಬೀಜ ಮತ್ತು ಪುಡಿ ಹಾಕಿ ತಿರುಗಿಸಲೆಂದು 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮೊಂದನ್ನು ಕೊಂಡು ವೆಲ್ಡಿಂಗ್ ಅಂಗಡಿಗೆ ಒಯ್ದೆ. ಕೀಟನಾಶಕ ತುಂಬಿದ್ದ ಡ್ರಮ್ಮು ಕಡಿಮೆ ಬೆಲೆಗೆ ಸಿಗುತ್ತಿತ್ತು, ಅದನ್ನು ಬೇಡವೆಂದೆ. ವೆಲ್ಡಿಂಗ್ ಮಾಡುವವರು ಡ್ರಮ್ಮಿಗೆ ನೀರು ತುಂಬಿದ ಮೇಲೆಯೇ ಕತ್ತರಿಸಲು ಕೈಹಾಕಿದರು, ಏಕೆಂದರೆ ಒಳಗುಳಿದ ಎಣ್ಣೆಯ ಆವಿಗೆ ಕಿಡಿ ತಾಗಿದರೆ ಡ್ರಮ್ಮು ಸಿಡಿಯುತ್ತದೆ. ಡ್ರಮ್ಮು ಸುತ್ತಬೇಕಾದ ಅಚ್ಚಿನ ಪೈಪನ್ನು ನೇರವಾಗಿ ಹಾಯಿಸದೆ ಒಂದು ತುದಿಯ ಮೇಲಂಚಿನಿಂದ ಇನ್ನೊಂದು ತುದಿಯ ಕೆಳಂಚಿಗೆ ಓರೆಯಾಗಿ ಹಾಯಿಸಿದೆವು. ಇದರಿಂದ ಹಿಡಿಕೆ ತಿರುಗಿಸಿದಾಗ ಬೀಜವು ಸುತ್ತುವುದಷ್ಟೇ ಅಲ್ಲದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರುತ್ತದೆ, ಮೂಲೆಯಲ್ಲಿ ಕುಳಿತ ಕಾಳಿಗೂ ಪುಡಿ ತಲುಪುತ್ತದೆ.

ಮೊದಲ ವರ್ಷ ಎರಡು ತಪ್ಪುಗಳಾದವು. ಕೆಲಸ ಬೇಗ ಮುಗಿಯಲೆಂದು ಹುಡುಗರು ಜೋರಾಗಿ ತಿರುಗಿಸಿದರು. ಆ ವೇಗಕ್ಕೆ ಬೀಜ ಉರುಳದೆ ಗೋಡೆಗೆ ಅಂಟಿಕೊಂಡು ಡ್ರಮ್ಮಿನ ಜೊತೆಯೇ ಸುತ್ತುತ್ತಿತ್ತು. ಈಗ ನಿಮಿಷಕ್ಕೆ 25ರಿಂದ 30 ಸುತ್ತು ಮೀರದಂತೆ ಎಣಿಸಿ ತಿರುಗಿಸುತ್ತೇವೆ. ಎರಡನೆಯದಾಗಿ, ಬೀಜವನ್ನು ಎತ್ತಿ ಹಾಕಲೆಂದು ಒಳಗೆ ಬೆಸೆಸಿದ್ದ ಮೂರು ಪಟ್ಟಿಗಳು ಎತ್ತರವಾಗಿದ್ದವು ಮತ್ತು ಅವುಗಳ ಅಂಚು ಚೂಪಾಗಿತ್ತು. ಡ್ರಮ್ಮಿಗೆ ಹಾಕುವ ಮೊದಲು ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ನೂರು ಕಾಳುಗಳಲ್ಲಿ 91 ಮೊಳೆತಿದ್ದವು, ಡ್ರಮ್ಮಿನಿಂದ ತೆಗೆದವುಗಳಲ್ಲಿ 82 ಮಾತ್ರ. ಪ್ರಮಾಣಿತ ಕಡಲೆ ಬೀಜಕ್ಕೆ ಕನಿಷ್ಠ ಶೇ. 85 ಮೊಳಕೆ ಇರಬೇಕೆಂಬ ನಿಯಮವಿರುವಾಗ ಉಪಚಾರದ ಹೆಸರಿನಲ್ಲಿ ನಾನೇ ಬೀಜವನ್ನು ಆ ಮಟ್ಟಕ್ಕಿಂತ ಕೆಳಗಿಳಿಸಿದ್ದೆ. ಪಟ್ಟಿಗಳನ್ನು ಒಂದು ಅಂಗುಲಕ್ಕೆ ಇಳಿಸಿ, ಅಂಚನ್ನು ಮಡಚಿಸಿ ಗುಂಡಗೆ ಮಾಡಿಸಿದ ಮೇಲೆ ಈ ಅಂತರ ಹೆಚ್ಚುಕಡಿಮೆ ಇಲ್ಲವಾಯಿತು.

ಡ್ರಮ್ಮಿನಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದಾದರೂ ನಾನು ಒಂದು ಸಲಕ್ಕೆ ಒಂದು ಎಕರೆಯ ಬೀಜವನ್ನಷ್ಟೇ, ಅಂದರೆ 25 ಕೆಜಿಯನ್ನು ಹಾಕುತ್ತೇನೆ. ಬೀಜ ಹೊರಳಲು ಜಾಗವಿರುತ್ತದೆ, ಲೆಕ್ಕವೂ ತಪ್ಪುವುದಿಲ್ಲ: ಕೆಜಿಗೆ 4 ಗ್ರಾಂನಂತೆ ಟ್ರೈಕೋಡರ್ಮಾ 100 ಗ್ರಾಂ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಮತ್ತು ರಂಜಕ ಕರಗಿಸುವ ಜೀವಾಣುವಿನ 200 ಗ್ರಾಂನ ಒಂದೊಂದು ಪೊಟ್ಟಣ. ಅಂಟಿಗಾಗಿ ಅರ್ಧ ಲೀಟರ್ ನೀರಿನಲ್ಲಿ 50 ಗ್ರಾಂ ಬೆಲ್ಲವನ್ನು ಕುದಿಸಿ ಪೂರ್ತಿ ಆರಿಸುತ್ತೇನೆ. ಬೆಚ್ಚಗಿದ್ದರೆ ಜೀವಾಣುಗಳಿಗೆ ಅಪಾಯ. ಒಮ್ಮೆ ಧಾರಾಳವಾಗಿ ಒಂದು ಲೀಟರ್ ಸುರಿದಾಗ ಕಡಲೆಯ ಸಿಪ್ಪೆ ಸುಕ್ಕಾಗಿ ಬಿರಿಯತೊಡಗಿತ್ತು. ಮೊದಲು ಬೆಲ್ಲದ ನೀರು, ಬಳಿಕ ಟ್ರೈಕೋಡರ್ಮಾ, ಕೊನೆಗೆ ಜೀವಾಣುಗಳು. ಪ್ರತಿ ಸಲವೂ ಮುಚ್ಚಳ ಬಿಗಿದು ಮೂರ್ನಾಲ್ಕು ನಿಮಿಷ ತಿರುಗಿಸಿ, ನೆರಳಿನಲ್ಲಿ ಹರಡಿ, ಅದೇ ದಿನ ಬಿತ್ತುತ್ತೇವೆ.

ಇಷ್ಟೆಲ್ಲ ಸರಿಹೋದ ಮೇಲೆಯೂ ಮರುವರ್ಷ ಹೊಲದ ಒಂದು ಪಟ್ಟಿಯಲ್ಲಿ ಸಿಡಿ ಜೋರಾಗಿಯೇ ಕಾಣಿಸಿತು. ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಬೀಜದ ಬಗ್ಗೆ ಕೇಳುವ ಮೊದಲು ಡ್ರಮ್ಮಿನ ಬಗ್ಗೆ ಕೇಳಿದರು. ಜೂನ್‌ನಲ್ಲಿ ಅದರಲ್ಲಿಯೇ ಹೆಸರು ಬೀಜಕ್ಕೆ ಕಾರ್ಬೆಂಡಜಿಮ್ ಹಚ್ಚಿದ್ದೆ, ಒಂದು ಕೊಡ ನೀರು ಹಾಕಿ ತೊಳೆದು ಇಟ್ಟಿದ್ದೆ. ಕಾರ್ಬೆಂಡಜಿಮ್ ಕೊಲ್ಲುವುದು ಶಿಲೀಂಧ್ರವನ್ನು, ಟ್ರೈಕೋಡರ್ಮಾ ಸಹ ಶಿಲೀಂಧ್ರವೇ. ವೆಲ್ಡಿಂಗ್ ಸಂದುಗಳಲ್ಲಿ ಬೆಲ್ಲದೊಡನೆ ಅಂಟಿ ಉಳಿದ ವಿಷದ ಮೇಲೆಯೇ ನಾನು ದುಡ್ಡು ಕೊಟ್ಟು ತಂದ ಜೀವಿಯನ್ನು ಉರುಳಿಸಿದ್ದೆ. ರೋಗಕ್ಕೆ ಅದೊಂದೇ ಕಾರಣವೆಂದು ಸಾಧಿಸಲಾರೆ, ಆದರೆ ಅಂದಿನಿಂದ ಕಬ್ಬಿಣದ ಡ್ರಮ್ಮಿಗೆ ಕೆಂಪು ಬಣ್ಣ ಬಳಿದು ರಾಸಾಯನಿಕಕ್ಕೆ ಮೀಸಲಿಟ್ಟು, ಜೈವಿಕಗಳಿಗೆ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಅದೇ ಮಾದರಿಯಲ್ಲಿ ಕಟ್ಟಿಸಿಕೊಂಡೆ.

ತೊಳೆಯುವ ರೀತಿಯೂ ಬದಲಾಯಿತು. ಕೆಲಸ ಮುಗಿದ ಕೂಡಲೇ, ಅಂಟು ಒಣಗುವ ಮೊದಲು, ಎರಡು ಬುಟ್ಟಿ ಒಣ ಮರಳು ಹಾಕಿ ಹತ್ತು ನಿಮಿಷ ತಿರುಗಿಸಿದರೆ ಗೋಡೆಗೆ ಹತ್ತಿದ್ದೆಲ್ಲ ಉಜ್ಜಿ ಬರುತ್ತದೆ. ಬಳಿಕ ಸೋಪಿನ ನೀರಿನಿಂದ ಮೂರು ಸಲ ತೊಳೆಯುತ್ತೇನೆ. ಆ ನೀರನ್ನೂ ಮರಳನ್ನೂ ಬಾವಿ, ಹಳ್ಳ, ದನದ ತೊಟ್ಟಿಗಳಿಂದ ದೂರ, ಬಂಜರು ಮೂಲೆಯಲ್ಲಿ ತೋಡಿದ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ. ತೊಳೆದ ಡ್ರಮ್ಮನ್ನು ಬಾಯಿ ಕೆಳಗಾಗಿ ನಿಲ್ಲಿಸದಿದ್ದರೆ ತಳದಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ತುಕ್ಕಿನ ಒರಟು ಮೇಲ್ಮೈ ಮುಂದಿನ ಸಲ ಪುಡಿಯನ್ನು ಬೀಜಕ್ಕೆ ಬಿಡದೆ ತಾನೇ ಹಿಡಿದುಕೊಳ್ಳುತ್ತದೆ. ಅಚ್ಚಿನ ಬುಷ್‌ಗಳಿಗೆ ಹಂಗಾಮಿಗೆ ಎರಡು ಸಲ ಗ್ರೀಸ್ ತುಂಬಿ, ಒಳಗೆ ಜಿನುಗಿದ್ದನ್ನು ಒರೆಸುತ್ತೇನೆ. ಮುಚ್ಚಳದ ಸುತ್ತ ಟ್ರ್ಯಾಕ್ಟರ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಇದೆ. ಬಿಸಿಲಿಗೆ ಅದು ಬಿರುಕು ಬಿಟ್ಟರೆ ವಿಷದ ಪುಡಿ ನೇರವಾಗಿ ತಿರುಗಿಸುವವರ ಮುಖಕ್ಕೇ ಬರುವುದರಿಂದ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕೈಗವಸು ಮತ್ತು ಮುಖಗವಸು ಇಲ್ಲದೆ ಕೆಂಪು ಡ್ರಮ್ಮನ್ನು ಯಾರೂ ಮುಟ್ಟಕೂಡದು.

ಉಳಿದ ಬೀಜದ ವಿಷಯದಲ್ಲಿ ಅವ್ವನೊಡನೆ ಒಂದು ಸಲ ಜಗಳವೇ ಆಯಿತು. ಬಿತ್ತಿ ಉಳಿದ ಕಾಳನ್ನು ತೊಳೆದು ಗುಗ್ಗರಿ ಮಾಡುವುದು ಅವರಿಗೆ ರೂಢಿ, ಕಾಳು ಕೆಡಿಸುವುದು ಪಾಪವೆಂಬ ನಂಬಿಕೆ ಬೇರೆ. ತೊಳೆದರೂ ವಿಷ ಹೋಗುವುದಿಲ್ಲವೆಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಈಗ ರಾಸಾಯನಿಕ ಹಚ್ಚುವ ಬೀಜವನ್ನು ಅಳೆದು ಅಂದಂದಿಗೆ ಬೇಕಾದಷ್ಟನ್ನೇ ಉಪಚರಿಸುತ್ತೇನೆ, ಮನೆಗೆ ತರಲು ಏನೂ ಉಳಿಯುವುದಿಲ್ಲ.

ಬೆಲ್ಲ ಹಚ್ಚಿದ ಬೀಜ ಚೆನ್ನಾಗಿ ಆರದಿದ್ದರೆ ಟ್ರ್ಯಾಕ್ಟರ್ ಕೂರಿಗೆಯಲ್ಲಿ ನಿಧಾನವಾಗಿ ಇಳಿಯುತ್ತದೆ, ಎಕರೆಗೆ 25 ಕೆಜಿ ಎಂದು ಹೊಂದಿಸಿದ್ದು 20ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಪೆಟ್ಟಿಗೆಗೆ ಉಪಚರಿಸಿದ ಬೀಜವನ್ನೇ ತುಂಬಿ, ಕೊಳವೆಗಳ ಬಾಯಿಗೆ ಚೀಲ ಕಟ್ಟಿ, ಅಳತೆ ಮಾಡಿದಷ್ಟು ದೂರ ಓಡಿಸಿ, ಬಿದ್ದ ಬೀಜವನ್ನು ತೂಗಿ ನೋಡಿಯೇ ಸಾಲಿಗೆ ಇಳಿಯುತ್ತೇವೆ. ಸಂಜೆ ಪೆಟ್ಟಿಗೆಯ ತಳದ ಬಟ್ಟಲುಗಳಲ್ಲಿ ಕೂತ ಪುಡಿಯನ್ನು ಹಳೆಯ ಬಣ್ಣದ ಬ್ರಷ್ಷಿನಿಂದ ಕೆರೆದು ತೆಗೆಯುವುದು ನನ್ನ ಮಗನ ಪಾಲಿನ ಕೆಲಸ. ಕಳೆದ ಚಿತ್ತಿ ಮಳೆಯ ಹೊತ್ತಿಗೆ ಅವನು ಅದನ್ನು ಮರೆತಿದ್ದರಿಂದ ಮರುದಿನ ಒಂಬತ್ತು ಕೊಳವೆಗಳಲ್ಲಿ ಎರಡು ಕಟ್ಟಿಕೊಂಡು, ಎರಡು ಸಾಲು ಖಾಲಿ ಬಿದ್ದದ್ದು ಕಡಲೆ ಮೊಳೆತ ಮೇಲೆಯೇ ನಮಗೆ ಗೊತ್ತಾಯಿತು.