ಬಸುರಿಯರಿಗೆ ಏಳು ತಿಂಗಳ ಮೇಲೆ ಕೈಕಾಲು ಬಾವು: ನಾವು ಮಾಡಿಸುವ ಕ್ರಮ

"ಕಾಲು ಬಾತಾವ್ರೀ ಸಿಸ್ಟರ್" ಅಂದವರಿಗೆ ನನ್ನ ಮೊದಲ ಪ್ರಶ್ನೆ: ಬೆಳಗ್ಗೆ ಏಳುವಾಗ ಹೇಗಿರುತ್ತದೆ? ಸಂಜೆ ಕಾಲು ನೋಡಿ ಏನನ್ನೂ ತೀರ್ಮಾನಿಸಲಾಗದು. ಬಸುರಿನಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರಿರುತ್ತದೆ. ಬೆಳೆದ ಗರ್ಭಕೋಶ ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ದೊಡ್ಡ ನಾಳವನ್ನು ಒತ್ತಿಕೊಂಡಿರುತ್ತದೆ. ದಿನವಿಡೀ ನಿಂತು, ಕಾಲು ಇಳಿಬಿಟ್ಟು ಕೂತವರ ಪಾದಕ್ಕೆ ನೀರು ಇಳಿಯುವುದು ಸಹಜ. ಹುಬ್ಬಳ್ಳಿಯ ಏಪ್ರಿಲ್-ಮೇ ಬಿಸಿಲಿಗೆ ಇನ್ನಷ್ಟು. ಎರಡೂ ಕಾಲು ಸಮ ಬಾತು, ರಾತ್ರಿ ಮಲಗಿ ಎದ್ದಾಗ ಬಹಳಷ್ಟು ಇಳಿದಿದ್ದರೆ ಅದು ಸಾಮಾನ್ಯ ಬಾವು.

ಆದರೂ ಬಿಪಿ ನೋಡದೆ ಕಳಿಸುವುದಿಲ್ಲ, ಬಿಪಿ ಏರಿದಾಗಲೂ ಬಾವು ಬರಬಹುದು. ಬಿಪಿ ಏರಿದ ಎಲ್ಲರಿಗೂ ಬಾವು ಬರುವುದಿಲ್ಲ, ಬಾವು ಬಂದ ಎಲ್ಲರಿಗೂ ಬಿಪಿ ಏರಿರುವುದಿಲ್ಲ. ಬಸ್ ಇಳಿದು ಏದುಸಿರಿನಲ್ಲಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸುತ್ತೇವೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ತೋಳು ಎದೆಯ ಮಟ್ಟಕ್ಕೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. 140/90 ಅಥವಾ ಹೆಚ್ಚು ಬಂದರೆ ಮತ್ತೆ ನೋಡಿ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿ, ಅವತ್ತೇ ವೈದ್ಯರಿಗೆ ತೋರಿಸುವುದು. ಹಿಮೋಗ್ಲೋಬಿನ್ನೂ ನೋಡಬೇಕು. ಏಳು ಗ್ರಾಂಗಿಂತ ಕೆಳಗಿಳಿದ ರಕ್ತಹೀನತೆಯಲ್ಲೂ ಮೈ ಬಾಯುತ್ತದೆ, ಅಂಥವರಿಗೆ ಕಾಲು ಎತ್ತಿಟ್ಟರೆ ಸಾಲದು.

ಇಷ್ಟೆಲ್ಲ ಸರಿಯಿದ್ದವರಿಗೆ ಮನೆಯ ಆರೈಕೆ. ಕಾಲು ಎತ್ತಿಡಿ ಎಂದರೆ ಬಹಳ ಜನ ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲ್ ಮೇಲೆ ಪಾದ ಇಡುತ್ತಾರೆ. ಅದರಿಂದ ಅರ್ಧ ಉಪಯೋಗ, ಯಾಕೆಂದರೆ ಪಾದ ಎದೆಯ ಮಟ್ಟಕ್ಕಿಂತ ಕೆಳಗೇ ಉಳಿಯುತ್ತದೆ. ಎಡ ಮಗ್ಗುಲಾಗಿ ಮಲಗಬೇಕು, ಬೆನ್ನ ಹಿಂದೆ ಒಂದು ದಿಂಬು, ಕಾಲಿಗೆ ದಪ್ಪಗೆ ಮಡಚಿದ ಕೌದಿ. ಕೌದಿ ಮೊಳಕಾಲಿನಿಂದ ಪಾದದವರೆಗೆ ಉದ್ದಕ್ಕೂ ಇರಬೇಕು. ಪಾದಕ್ಕೆ ಮಾತ್ರ ಎತ್ತರ ಕೊಟ್ಟರೆ ಮೊಳಕಾಲು ತಿರುಚಿದಂತಾಗಿ ನೋಯುತ್ತದೆ. ಇಪ್ಪತ್ತು ನಿಮಿಷದಂತೆ ದಿನಕ್ಕೆ ಮೂರು ಸಲ. ಅಂಗಾತ ಮಲಗಿ ಕಾಲು ಗೋಡೆಗೆ ಹಚ್ಚುವುದು ಬೇಡ, ಗರ್ಭಕೋಶದ ಭಾರ ಮೊದಲು ಹೇಳಿದ ದೊಡ್ಡ ನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ.

ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು ಗಂಟೆಗೊಮ್ಮೆ ಮೂವತ್ತು ಸಲ. ಮೀನಖಂಡ ಬಿಗಿಯಾದಾಗಲೆಲ್ಲ ರಕ್ತ ಮೇಲಕ್ಕೆ ದೂಡಲ್ಪಡುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ನಿಂತು ಓಡಾಡುವವರು ಸೀಟು ಕೇಳಿ ಪಡೆಯಲಿ, ಇದರಲ್ಲಿ ನಾಚಿಕೆ ಏನೂ ಇಲ್ಲ. ಸಂಜೆ ಮೊಳಕಾಲ ಸಮೀಪದವರೆಗೆ ನೀರು ಬರುವ ಬಕೀಟಿನಲ್ಲಿ ಕಾಲಿಟ್ಟು ಇಪ್ಪತ್ತು ನಿಮಿಷ ಕೂತರೆ ನೀರಿನ ಒತ್ತಡವೇ ಬಾವನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ನಲ್ಲಿಯ ತಣ್ಣೀರು ಸಾಕು, ಉಪ್ಪು ಹಾಕಬೇಕಿಲ್ಲ. ಬಿಸಿನೀರಿಗೆ ರಕ್ತನಾಳ ಹಿಗ್ಗುತ್ತವೆ, ಬೇಡ.

ಒತ್ತಡದ ಕಾಲುಚೀಲ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಕುವ ಹೊತ್ತು ಸರಿಯಿದ್ದರೆ. ಹಾಸಿಗೆ ಬಿಟ್ಟು ಏಳುವ ಮೊದಲೇ ಹಾಕಬೇಕು. ಬಾತ ಮೇಲೆ ಹಾಕಹೋದರೆ ಏರುವುದೂ ಇಲ್ಲ, ಇಳಿಸುವುದೂ ಇಲ್ಲ. ಅಂಗಡಿಗೆ ಅಳತೆ ಕೊಡುವಾಗಲೂ ಬೆಳಗಿನ ಅಳತೆ: ಹರಡಿನ ಮೇಲಿನ ಸಣ್ಣ ಭಾಗ, ಮೀನಖಂಡದ ದಪ್ಪ ಭಾಗ. ಮೊಳಕಾಲ ತನಕದ್ದು ಸಾಕು. ಮೇಲಂಚನ್ನು ಸುರುಳಿ ಸುತ್ತಬಾರದು, ಅದೇ ಹಗ್ಗ ಬಿಗಿದಂತಾಗಿ ಕೆಳಗಿನ ಬಾವು ಹೆಚ್ಚುತ್ತದೆ. ರಾತ್ರಿ ತೆಗೆದಿಡುವುದು. ಚಪ್ಪಲಿ ಮಾತ್ರ ಸಂಜೆಯ ಕಾಲಿಗೆ ನೋಡಿ ಕೊಳ್ಳಬೇಕು.

ಕೈಗೆ ಬರೋಣ. ಕುಬಸದಲ್ಲಿ ಹಸಿರು ಬಳೆ ಇಡುವಾಗಲೇ ಒಂದು ಅಳತೆ ದೊಡ್ಡದು ಕೇಳಿ, 2.4 ಹಾಕುವವರಿಗೆ 2.6. ಉಂಗುರ, ಕಾಲುಂಗುರ ಎಂಟನೇ ತಿಂಗಳಿಗೆ ಮೊದಲೇ ತೆಗೆದಿಡಲು ಹೇಳುತ್ತೇವೆ. ಹಿರಿಯರು ಕಾಲುಂಗುರ ತೆಗೆಯಬೇಡ ಎಂದರೆ ಬೆರಳು ನೀಲಿಯಾದರೆ ಕಾಲುಂಗುರವನ್ನೇ ಕತ್ತರಿಸಬೇಕಾಗುತ್ತದೆ ಎಂದು ತಿಳಿಸಿ, ಹೆಚ್ಚಿನವರು ಒಪ್ಪುತ್ತಾರೆ. ಸಿಕ್ಕಿಕೊಂಡ ಉಂಗುರಕ್ಕೆ ಮೊದಲು ಕೈಯನ್ನು ತಲೆಗಿಂತ ಮೇಲೆ ಹತ್ತು ನಿಮಿಷ ಎತ್ತಿ ಹಿಡಿದು, ತಣ್ಣೀರಲ್ಲಿ ಅದ್ದಿ, ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸುತ್ತ ಎಳೆಯುವುದು. ಬಾರದಿದ್ದರೆ ನೂಲು. ದಪ್ಪ ಹೊಲಿಗೆ ನೂಲಿನ ಒಂದು ತುದಿಯನ್ನು ಸೂಜಿಯ ಹಿಂಭಾಗದಿಂದ ಉಂಗುರದ ಕೆಳಗೆ ತೂರಿಸಿ ಅಂಗೈ ಕಡೆಗೆ ಬಿಡಬೇಕು. ಉಳಿದ ನೂಲನ್ನು ಉಂಗುರಕ್ಕೆ ತಾಗಿದಂತೆ ಶುರುಮಾಡಿ, ಸುತ್ತಿಗೆ ಸುತ್ತು ಅಂಟಿದಂತೆ, ಬೆರಳಿನ ಗಂಟು ದಾಟುವ ತನಕ ಬಿಗಿಯಾಗಿ ಸುತ್ತಿ. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಉಗುರಿನ ದಿಕ್ಕಿಗೆ ಎಳೆಯುತ್ತ ಬಿಚ್ಚಿದರೆ ಉಂಗುರ ಒಂದೊಂದೇ ಸುತ್ತು ಮುಂದೆ ಸರಿಯುತ್ತದೆ. ಸುತ್ತಿನ ನಡುವೆ ಚರ್ಮ ಉಬ್ಬಿ ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬಿಚ್ಚಿ ಹೊಸದಾಗಿ ಸುತ್ತಬೇಕು. ಬೆರಳು ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಈ ಪ್ರಯತ್ನ ಬೇಡ, ದವಾಖಾನೆಗೋ ಹತ್ತಿರದ ಪತ್ತಾರರಲ್ಲಿಗೋ ಹೋಗಿ ಉಂಗುರ ಕತ್ತರಿಸಿಸಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ ಎಚ್ಚರವಾಗುವುದಿದೆ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾಯುವ ನರವನ್ನು ಬಾವು ಒತ್ತುವುದರಿಂದ ಹೀಗಾಗುತ್ತದೆ. ಮಣಿಕಟ್ಟು ಬಾಗದಂತೆ ನೇರವಾಗಿ ಹಿಡಿಯುವ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಮಲಗುವಾಗ ಕಟ್ಟಿಕೊಳ್ಳಬೇಕು. ನಮ್ಮ ಕಡೆ ಇದು ಹೆಚ್ಚಾಗಲು ಒಂದು ಕಾರಣ ಒಲೆಯ ಮುಂದೆಯೇ ಇದೆ: ಜೋಳದ ಹಿಟ್ಟು ನಾದುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ರೊಟ್ಟಿ ಬಡಿಯುವಾಗ ಅದೇ ಜಾಗಕ್ಕೆ ಏಟು. ಕೊನೆಯ ಎರಡು ತಿಂಗಳು ರೊಟ್ಟಿ ಮನೆಯ ಬೇರೆಯವರು ಬಡಿಯಲಿ, ಇಲ್ಲವೇ ಕಟಕ್ ರೊಟ್ಟಿ ತರಿಸಲಿ. ಅತ್ತೆಯವರು ಜೊತೆಗೆ ಬಂದಿದ್ದರೆ ಇದನ್ನು ಅವರಿಗೇ ಹೇಳುತ್ತೇವೆ, ಸೊಸೆಯ ಮೂಲಕ ಹೇಳಿಸಿದರೆ ಕೆಲಸ ಆಗುವುದಿಲ್ಲ.

"ನೀರು ಕಮ್ಮಿ ಕುಡಿ, ಬಾವು ಇಳಿತೈತಿ" ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಇಳಿಯುವುದಿಲ್ಲ. ಮೂತ್ರದ ಉರಿ, ಮಲಬದ್ಧತೆ ಬರುತ್ತದೆ. ಉಪ್ಪನ್ನು ಪೂರಾ ಬಿಡುವುದೂ ಬೇಡ. ದಿನಕ್ಕೆ ಒಂದು ಟೀ ಚಮಚ, ಅಂದರೆ ಐದು ಗ್ರಾಂ ಒಳಗೆ ಇರಲಿ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಅಂಗಡಿಯ ಚಿಪ್ಸ್ ಬಿಟ್ಟರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಜವೆಗೋಧಿ ನೀರು ಬೇಕಿದ್ದರೆ ಕುಡಿಯಲಿ, ನೀರಿನ ಲೆಕ್ಕಕ್ಕೆ. ನೀರು ಇಳಿಸುವ ಮಾತ್ರೆಯನ್ನು ವೈದ್ಯರು ಬರೆಯದೆ ಔಷಧಿ ಅಂಗಡಿಯಿಂದ ತರಲೇಬಾರದು.

ಕಾಯಬಾರದ ಬಾವು ಬೇರೆ. ಮುಖ, ಕಣ್ಣಿನ ಸುತ್ತ ಒಮ್ಮೆಲೇ ಬಾತರೆ, ಬೆಳಗ್ಗೆಯೇ ಮುಷ್ಟಿ ಬಿಗಿಯಲಾಗದಿದ್ದರೆ, ಬಿಡದ ತಲೆನೋವು, ಕಣ್ಣು ಮಂಜು, ಬಲ ಪಕ್ಕೆಲುಬಿನ ಕೆಳಗೆ ನೋವು, ಮಗುವಿನ ಚಲನೆ ಕಡಿಮೆ ಆದರೆ ತಾಯಿ ಕಾರ್ಡ್ ಹಿಡಿದು ಆ ಕ್ಷಣವೇ ಹೊರಡಬೇಕು. ರಾತ್ರಿಯಾದರೆ 108ಕ್ಕೆ ಕರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇದೆ ಎಂದು ಅಲ್ಲಿಯವರೆಗೆ ಕಾಯುವವರಿದ್ದಾರೆ, ಇಂಥ ಲಕ್ಷಣಕ್ಕೆ ಆ ತಾರೀಖು ಲೆಕ್ಕಕ್ಕಿಲ್ಲ. ಒಂದೇ ಕಾಲು ಬಾತು ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಮುಟ್ಟದೆ ಕರೆತನ್ನಿ.

ಹೆರಿಗೆಯಾದ ಕೂಡಲೇ ಬಾವು ಇಳಿಯುವುದಿಲ್ಲ. ಸಲೈನ್ ಹಾಕಿದವರಿಗೆ ಮೊದಲ ಕೆಲವು ದಿನ ಹೆಚ್ಚಾಗಿಯೇ ಕಾಣುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ಆದರೆ ಬಿಪಿ ಏರುವ ತೊಂದರೆ ಹೆರಿಗೆಯ ನಂತರ ಆರು ವಾರದವರೆಗೂ ಬರಬಹುದು. ತವರಿಗೆ ಹೋದ ಬಾಣಂತಿಗೆ ತಲೆನೋವು, ಕಣ್ಣು ಮಂಜು ಬಂದರೆ ಗಾಳಿ ತಾಕಿದೆ ಎಂದು ಕಿವಿಗೆ ಹತ್ತಿ ಇಟ್ಟು ಮಲಗಿಸದೆ ಅಲ್ಲಿನ ದವಾಖಾನೆಯಲ್ಲಿ ಬಿಪಿ ನೋಡಿಸಿ.